ಬೀಡಿ ಸೇದದವರ ಮನೆಯ ಹೊಗೆ

ಹೋದ ತಿಂಗಳು ಮಕ್ಕಳ ಡಾಕ್ಟರೊಬ್ಬರ ಎದುರು ನಮ್ಮ ಇಡೀ ಕುಟುಂಬ ಸಾಲಾಗಿ ನಿಂತು ಸುಳ್ಳು ಹೇಳಿತು.

ತಮಾಷೆಯೆಂದರೆ, ಅದು ಸುಳ್ಳೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಡಾಕ್ಟರ್ ಕೇಳಿದ್ದು ಸುಲಭದ ಪ್ರಶ್ನೆ. ‘ಮನೇಲಿ ಯಾರಾದ್ರೂ ಬೀಡಿ, ಸಿಗರೇಟು ಸೇದ್ತೀರಾ?’

‘ಇಲ್ಲ ಮೇಡಂ’ ಎಂದ ನನ್ನ ತಮ್ಮ. ‘ಇಲ್ಲ’ ಎಂದಳು ಅವನ ಹೆಂಡತಿ. ‘ನಮ್ಮನೇಲಿ ಅಂತೋರು ಯಾರೂ ಇಲ್ಲ ಕಣವ್ವ’ ಎಂದಳು ನಮ್ಮವ್ವ, ತುಸು ಗರ್ವದಿಂದಲೇ. ನಾನೂ ಜೋರಾಗಿ ತಲೆಯಾಡಿಸಿದೆ. ಪಕ್ಕದ ಹಾಸಿಗೆಯ ಮೇಲೆ ಎರಡು ತಿಂಗಳೂ ತುಂಬದ ಹೆಣ್ಣುಕೂಸು ಮೂಗಿನ ಹೊಳ್ಳೆ ಅರಳಿಸಿಕೊಂಡು ಉಸಿರಿಗೆ ಹೆಣಗುತ್ತಿತ್ತು.

ಇರಲಿ, ಮೊದಲಿಂದ ಹೇಳುತ್ತೇನೆ.

ನಾನಿರುವುದು ಹುಣಸೂರಿನಲ್ಲಿ, ಕಾಲೇಜಿನಲ್ಲಿ ಪಾಠ ಮಾಡಿಕೊಂಡು. (ವಾರ ವಾರ ಈ ಅಂಕಣ ಓದುವ ನಿಮಗೆ ಇದು ಗೊತ್ತಿರುವ ವಿಷಯವೇ.) ತವರುಮನೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನನ್ನ ತಮ್ಮ ನಿಂಗರಾಜು ಹೊಗೆಸೊಪ್ಪು ಬೆಳೆಯುತ್ತಾನೆ, ಮನೆಗೆ ಬೇಕಾದಷ್ಟು ರಾಗಿಯನ್ನೂ. ಅವನ ಹೆಂಡತಿ ಭಾಗ್ಯ. ಒಬ್ಬಳೇ ಮಗಳು ಪವಿತ್ರಳನ್ನು ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರದ ಊರಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆಂದು ಅವಳು ಬಂದಿದ್ದಳು. ಇವರೆಲ್ಲರ ಮೇಲೆ ನಮ್ಮವ್ವ, ಊರವರ ಬಾಯಲ್ಲಿ ದೇವೀರಕ್ಕ. ಎಪ್ಪತ್ತೆಂಟು ವರ್ಷ.

ಅವ್ವನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಎಳೆಗೂಸುಗಳಿಗೆ ನೀರು ಹಾಕುವುದರಲ್ಲಿ ಅವ್ವ ಸುತ್ತ ನಾಲ್ಕೈದು ಊರಿಗೆ ಹೆಸರುವಾಸಿ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕೂಸನ್ನು ಮೊಣಕಾಲಿನ ಕೆಳಗೆ ಬೋರಲಾಗಿ ಮಲಗಿಸಿಕೊಂಡು ಎಣ್ಣೆ ತಿಕ್ಕಲು ಶುರು ಮಾಡಿದರೆ, ಕಿರುಚುತ್ತಿದ್ದ ಕೂಸು ಐದು ನಿಮಿಷಕ್ಕೆ ಸುಮ್ಮನಾಗುತ್ತದೆ. ಹತ್ತು ನಿಮಿಷಕ್ಕೆ ನಿದ್ದೆ. ಊರಿನ ಗ್ರಾಮ ಪಂಚಾಯ್ತಿ ಮೆಂಬರು, ಹಾಲಿನ ಡೇರಿಯ ಕಾರ್ಯದರ್ಶಿ, ಇಬ್ಬರು ಟೀಚರು, ಎಲ್ಲರೂ ಒಂದು ಕಾಲಕ್ಕೆ ಅವ್ವನ ಕಾಲ ಮೇಲೆ ಬರಿಮೈಯಲ್ಲಿ ಮಲಗಿದ್ದವರೇ. ಹಾಗಾಗಿ ಊರಿನಲ್ಲಿ ಯಾರಿಗೂ ಅವ್ವನ ಎದುರು ದನಿ ಏರಿಸುವ ಧೈರ್ಯವಿಲ್ಲ.

ನೀರು ಹಾಕಿದ ಮೇಲೆ ಹೊಗೆ. ಅದಿಲ್ಲದೆ ಸ್ನಾನ ಮುಗಿದ ಲೆಕ್ಕವೇ ಅಲ್ಲ. ಮಣ್ಣಿನ ಚಟ್ಟಿಯಲ್ಲಿ ಕೆಂಡ, ಅದರ ಮೇಲೆ ಒಂದು ಹಿಡಿ ಸಾಂಬ್ರಾಣಿ ಪುಡಿ. ಕಿಟಕಿ ಮುಚ್ಚಬೇಕು. ಬಾಗಿಲು ಹಾಕಿ, ಕೆಳಗಿನ ಸಂದಿಗೂ ಹಳೆಯ ಬಟ್ಟೆ ತುರುಕಬೇಕು. ಕೂಸಿನ ತಲೆಗೂದಲು ಆರಬೇಕು, ಶೀತ ಹೋಗಬೇಕು, ಮೈ ಘಮ ಘಮ ಎನ್ನಬೇಕು. ಆ ಬಿಳಿ ಹೊಗೆಯ ನಡುವೆ ಕೂಸನ್ನು ತೋಳ ಮೇಲೆ ತೂಗುತ್ತ ನಿಂತ ಅವ್ವನನ್ನು ನೋಡಿದರೆ ದೇವಸ್ಥಾನದ ಗರ್ಭಗುಡಿಯ ಬಾಗಿಲಲ್ಲಿ ನಿಂತ ಹಾಗಾಗುತ್ತಿತ್ತು. ಬೇಡ ಎನ್ನುವುದಕ್ಕೆ ಯಾರಿಗೆ ಬಾಯಿ ಬಂದೀತು?

ಊರಿನ ಆಶಾ ಕಾರ್ಯಕರ್ತೆ ಹೇಳಿ ನೋಡಿದ್ದಳಂತೆ. ಹೆರಿಗೆಯಾದ ವಾರದಲ್ಲೇ ಬಂದು, ಕೂಸಿರುವ ಕೋಣೆಯೊಳಗೆ ಯಾವ ಹೊಗೆಯೂ ಬೇಡ ಅಜ್ಜಿ ಎಂದಳಂತೆ. ಅವ್ವ ಅವಳನ್ನು ಕೂರಿಸಿ ಕಾಫಿ ಕೊಟ್ಟು, ‘ನಿನ್ಗೂ ನಾನೇ ಕಣಮ್ಮಿ ನೀರಾಕಿದ್ದು, ಒಗೆ ಕೊಟ್ಟಿದ್ದು. ಏನಾಗಿದೀಯೆ ಈಗ? ಗುಂಡುಕಲ್ಲಂಗಿದೀಯೆ’ ಎಂದು ಕಳಿಸಿಕೊಟ್ಟಳು. ಅಲ್ಲಿಗೆ ಆರೋಗ್ಯ ಇಲಾಖೆಯ ಮಾತು ಮುಗಿಯಿತು.

ನಾನು ಏನು ಮಾಡಿದೆ ಎಂದು ಕೇಳಿ. ಕೇಳಬೇಡಿ, ಹೇಳಿಬಿಡುತ್ತೇನೆ. ಕೂಸನ್ನು ನೋಡಲು ಹೋದಾಗ ಉಣ್ಣೆ ಟೋಪಿ, ಕಾಲುಚೀಲದ ಜೊತೆಗೆ ಮೈಸೂರಿನಿಂದ ಎರಡು ಡಬ್ಬಿ ಒಳ್ಳೆಯ ಸಾಂಬ್ರಾಣಿ ಒಯ್ದಿದ್ದೆ. ಸೊಳ್ಳೆ ಕಾಟ ಎಂದು ಭಾಗ್ಯ ಫೋನಿನಲ್ಲಿ ಹೇಳಿದ್ದಳಲ್ಲ, ಒಂದು ಡಜನ್ ಸೊಳ್ಳೆಬತ್ತಿಯ ಪ್ಯಾಕೆಟ್ಟನ್ನೂ. ಕಾಲೇಜಿನ ಪರಿಸರ ದಿನಾಚರಣೆಯಲ್ಲಿ ದೆಹಲಿಯ ಗಾಳಿಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದ ಹೆಂಗಸು ನಾನು.

ಇನ್ನು ಬಾಣಂತಿಯ ಕೋಣೆ. ಮನೆಯಲ್ಲಿ ಗಾಳಿ ಆಡದ ಬೆಚ್ಚನೆಯ ಜಾಗವೆಂದರೆ ಒಳಮನೆ. ಬಾಣಂತಿ ಮಂಚ ಅಲ್ಲೇ ಹಾಕಿದ್ದರು. ಆ ಕೋಣೆಯ ಇನ್ನೊಂದು ಗೋಡೆಗೆ ಏನಿತ್ತು? ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿಗೂಡಿನಲ್ಲಿ, ಬೇಯಿಸಿ ತಂದ ಹೊಗೆಸೊಪ್ಪು. ತೊಲೆ ಮುಟ್ಟುವಷ್ಟು ಎತ್ತರಕ್ಕೆ, ಟಾರ್ಪಲ್ ಹೊದ್ದುಕೊಂಡು. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹರಾಜಿಗೆ ಹೋಗುವ ತನಕ ಸೊಪ್ಪಿಗೆ ಥಂಡಿ ತಾಗಬಾರದು, ಬೆಳಕು ತಾಗಬಾರದು, ಕಳ್ಳರ ಕಣ್ಣು ತಾಗಬಾರದು. ಮನೆಯೊಳಗಲ್ಲದೆ ಇನ್ನೆಲ್ಲಿ ಇಡುತ್ತಾರೆ? ನಾನೂ ನನ್ನ ತಮ್ಮನೂ ಆ ಘಾಟಿನಲ್ಲೇ ಪರೀಕ್ಷೆಗೆ ಓದಿದವರು.

ಭಾನುವಾರ ಬೆಳಗ್ಗೆ. ನಾನು ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಕೂಸಿಗೆ ಎರಡು ದಿನದಿಂದ ನೆಗಡಿ, ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ಚಳಿಗಾಲ ನೋಡಿ, ಎಲ್ಲರೂ ಅದೇ ಅಂದುಕೊಂಡಿದ್ದೆವು. ಅವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಪವಿತ್ರ ಕೂಸನ್ನು ಕಾಲ ಮೇಲೆ ಮಲಗಿಸಿದಳು. ಅವ್ವ ಚೊಂಬಿಗೆ ನೀರು ತುಂಬಿಕೊಂಡವಳು ಹಾಕಲಿಲ್ಲ. ಚೊಂಬು ಕೆಳಗಿಟ್ಟಳು. ಕೂಸನ್ನು ತಿರುಗಿಸಿ, ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು.

‘ಯಾಕವ್ವ?’ ಎಂದೆ.

‘ಸುಮ್ಕಿರು ವಸಿ.’

ಒಂದು ನಿಮಿಷ ಹೋಯಿತು.

‘ಪಕ್ಕೆ ಒಳಕ್ಕೆ ಸೆಳೀತಾ ಅದೆ. ನೋಡಿಲ್ಲಿ’ ಎಂದಳು.

ನಾನು ಬಗ್ಗಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಸಣ್ಣದೊಂದು ಗುಳಿ ಬೀಳುತ್ತಿತ್ತು. ಅಷ್ಟೇ. ತೋರಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ.

ನಿಂಗರಾಜು ಬಾಗಿಲಲ್ಲೇ ನಿಂತು, ‘ನೆಗಡಿ ಅಲ್ವೇನವ್ವ, ನೀಲಗಿರಿ ಎಣ್ಣೆ ಅಚ್ಚು’ ಎಂದ. ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದಲೇ, ನಾಮಕರಣಕ್ಕೆ ಬಂದವರ ದೃಷ್ಟಿ ತಾಗಿದೆ, ಒಂದು ನಿವಾಳಿಸಿ ಹಾಕಿ ಎಂದಳು.

‘ದೃಷ್ಟಿನೂ ಇಲ್ಲ ಗಿಷ್ಟಿನೂ ಇಲ್ಲ’ ಎಂದಳು ಅವ್ವ. ದನಿ ಎತ್ತಲಿಲ್ಲ. ಕೂಸಿಗೆ ಬಟ್ಟೆ ಸುತ್ತಿ ಎದೆಗೆ ಒರಗಿಸಿಕೊಂಡು ಎದ್ದಳು. ‘ಗಾಡಿ ತಗಿ.’

ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಪವಿತ್ರಳ ತೊಡೆಯ ಮೇಲೆ ಕೂಸು, ಕೂಸಿನ ಪಕ್ಕೆಯ ಮೇಲೆ ಅವ್ವನ ಕೈ. ಪಿರಿಯಾಪಟ್ಟಣ ಮುಟ್ಟುವ ತನಕ ಆ ಕೈ ಅಲ್ಲಿಂದ ಏಳಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವ್ವನ ತುಟಿ ಅಲುಗುತ್ತಿತ್ತು. ದೇವರ ನಾಮ ಅಂದುಕೊಂಡೆ. ಅಲ್ಲ, ಉಸಿರು ಎಣಿಸುತ್ತಿದ್ದಳು.

ಮಕ್ಕಳ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತಿಲ್ಲದೆ ಮೊದಲು ಆಕ್ಸಿಜನ್ ಹಾಕಿಸಿದರು, ಮೂಗು ಸ್ವಚ್ಛ ಮಾಡಿಸಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅಡ್ಮಿಟ್ ಮಾಡಿಸಿ ಎಂದರು. ಆಮೇಲೆ ನಮ್ಮ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು. ನಾವು ಸಾಲಾಗಿ ನಿಂತು ಆ ಉತ್ತರ ಕೊಟ್ಟೆವು.

‘ಒಳ್ಳೇದು’ ಎಂದರು ಡಾಕ್ಟರ್. ‘ಅಡುಗೆ ಯಾವುದರಲ್ಲಿ?’

‘ಗ್ಯಾಸ್ ಅದೆ ಮೇಡಂ’ ಎಂದಳು ಭಾಗ್ಯ.

‘ಇದೆ ಸರಿ. ಅಡುಗೆ ಯಾವುದರಲ್ಲಿ ಮಾಡ್ತೀರಿ?’

ಭಾಗ್ಯ ನನ್ನ ಮುಖ ನೋಡಿದಳು. ‘ಕಾಫಿ ಟೀ ಗ್ಯಾಸಲ್ಲಿ. ಮುದ್ದೆ, ಸಾರು ಸೌದೆ ಒಲೇಲಿ. ಸ್ನಾನದ ನೀರಿನ ಹಂಡೆಗೂ ಸೌದೆ.’

‘ಆ ಒಲೆ ಎಲ್ಲಿದೆ?’

‘ಬಾಣಂತಿ ಕೋಣೆ ಪಕ್ದಲ್ಲೇ. ಬೆಚ್ಚಗಿರ್ಲಿ ಅಂತ.’

‘ಸೊಳ್ಳೆಗೆ?’

‘ಬತ್ತಿ ಅಚ್ತೀವಿ. ಒಂದೇ ಒಂದು.’

‘ಸ್ನಾನ ಆದ್ಮೇಲೆ ಸಾಂಬ್ರಾಣಿ?’

‘ದಿನಾ ಎರಡ್ ಒತ್ತು’ ಎಂದಳು ಅವ್ವ.

‘ಬೆಳೆ ಏನು ನಿಮ್ಮದು?’ ಡಾಕ್ಟರ್ ನಿಂಗರಾಜುವಿನ ಕೈ ನೋಡುತ್ತ ಕೇಳಿದರು. ಸೊಪ್ಪು ವಿಂಗಡಿಸಿ ವಿಂಗಡಿಸಿ ಅವನ ಅಂಗೈಯಲ್ಲಿ ಕಂದು ಬಣ್ಣದ ಅಂಟು ಕೂತಿತ್ತು. ಅವನು ಹೇಳಿದ. ‘ಸೊಪ್ಪು ಎಲ್ಲಿಟ್ಟಿದ್ದೀರಿ?’ ಅದನ್ನೂ ಹೇಳಿದ, ದನಿ ಸ್ವಲ್ಪ ಇಳಿಸಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

‘ಯಾರೂ ಸೇದಲ್ಲ ಅಂದ್ರಲ್ಲ ಯಜಮಾನ್ರೇ. ಈ ಕೂಸು ಹುಟ್ಟಿದಾಗಿಂದ ಸೇದ್ತಾನೇ ಇದೆ.’

ಇಂಥ ಮಾತಾದ ಮೇಲೆ ಮನೆಮಂದಿ ಏನು ಮಾಡುತ್ತಾರೆ? ನಾವೂ ಅದನ್ನೇ ಮಾಡಿದೆವು. ವರಾಂಡಕ್ಕೆ ಬಂದು ತಪ್ಪು ಯಾರದೆಂದು ಹುಡುಕತೊಡಗಿದೆವು. ಅವ್ವನ ಸಾಂಬ್ರಾಣಿ ಎಂದ ನಿಂಗರಾಜು. ‘ನಿನ್ ಸೊಪ್ಪು ಕಣ್ಲಾ, ಆ ಘಾಟಿಗೆ ದೊಡ್ಡೋರ್ಗೇ ತಲೆ ಸುತ್ತತದೆ’ ಎಂದಳು ಅವ್ವ. ಸೌದೆ ಒಲೆ ಬೇಡ ಅಂತ ನಾನು ಎಷ್ಟು ವರ್ಷದಿಂದ ಬಡ್ಕೊಂಡೆ ಎಂದಳು ಭಾಗ್ಯ. ಸೊಳ್ಳೆಬತ್ತಿಯ ಮಾತು ಬಂದಾಗ ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು. (ಕುಟುಂಬದಲ್ಲಿ ಒಗ್ಗಟ್ಟು ಇಲ್ಲ ಎಂದವರು ಯಾರು?)

ಪವಿತ್ರ ವಾರ್ಡಿನಿಂದ ಹೊರಗೆ ಬಂದಳು. ಅವಳು ಚಿಕ್ಕಂದಿನಿಂದ ಮೆತ್ತನೆಯ ಹುಡುಗಿ, ಅಪ್ಪನ ಎದುರು ನಿಂತು ಮಾತಾಡಿದವಳಲ್ಲ.

‘ತಪ್ಪು ಯಾರ್ದು ಅಂತ ಆಮೇಕೆ ನೋಡ್ಕಳಿ’ ಎಂದಳು. ‘ನಾನು ಮಾತ್ರ ಆ ರೂಮಿಗೆ ವಾಪಸ್ ಬರಕಿಲ್ಲ. ಅವರ್ಗೆ ಫೋನ್ ಮಾಡಿವ್ನಿ, ಭತ್ತದ ಕಟಾವು ಬಿಟ್ಟು ಬತ್ತಾವ್ರೆ. ಇಲ್ಲಿಂದ ಸೀದಾ ನಮ್ಮೂರ್ಗೋಯ್ತೀನಿ.’

ನಮ್ಮೂರು! ಮೂರು ತಿಂಗಳ ಬಾಣಂತನ ಮುಗಿಯುವ ಮೊದಲೇ ತವರಿಂದ ಮಗಳು ಹೊರಟರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ? ನಿಂಗರಾಜು ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಮುನಿಸಿಕೊಂಡು ಹೋದ ಎಂದುಕೊಂಡೆವು.

ಮಧ್ಯಾಹ್ನ ಅವ್ವ ಊಟ ಮಾಡಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಸಮಾಧಾನ ಮಾಡೋಣವೆಂದು ನಾನು ಪಕ್ಕದಲ್ಲಿ ಕೂತೆ.

‘ನೀನು ಎಷ್ಟ್ ಮಕ್ಳಿಗೆ ಹೊಗೆ ಹಾಕಿಲ್ಲವ್ವ. ಎಲ್ಲಾ ಚೆನ್ನಾಗೇ ಇದ್ದಾರಲ್ಲ’ ಎಂದೆ.

‘ಚೆನ್ನಾಗಿರೋವು ಕಣ್ಮುಂದೆ ಓಡಾಡ್ಕಂಡವೆ’ ಎಂದಳು ಅವ್ವ. ‘ಸತ್ತೋದವ್ನ ಯಾರು ಎಣಿಸ್ತಾರೆ?’

ನಾನು ಅವಳ ಕಡೆ ತಿರುಗಿದೆ.

‘ನಿನ್ಗಿಂತ ಮುಂಚೆ ನಂಗೊಂದು ಗಂಡು ಕೂಸಿತ್ತು. ನಾಕು ತಿಂಗ್ಳು. ಇಂಗೇ ಪಕ್ಕೆ ಸೆಳೀತಿತ್ತು. ಎಲ್ಡು ದಿನ ಮನೇಲೇ ಮಡಿಕಂಡು ಒಗೆ ಆಕಿದ್ವಿ, ನೆಗಡಿ ಅಂತ. ಅದ್ಕೇ ನಂಗೆ ಗೊತ್ತಾಗಿದ್ದು, ಇವತ್ತು.’

ನನಗೊಬ್ಬ ಅಣ್ಣ ಹುಟ್ಟಿ ಹೋಗಿದ್ದನೆಂದು ಗೊತ್ತಿತ್ತು. ಹೇಗೆ ಹೋದನೆಂದು ಐವತ್ತನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಅವ್ವನ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಸಂಜೆ ರೌಂಡ್ಸಿಗೆ ಬಂದ ಡಾಕ್ಟರನ್ನು ಅವ್ವ ಬಾಗಿಲಲ್ಲೇ ತಡೆದು ಕೇಳಿದಳು. ‘ಡಾಕ್ಟ್ರಮ್ಮ, ಇದು ನನ್ನಿಂದ್ಲೇ ಆಯ್ತಾ? ದಿಟ ಏಳ್ಬುಡಿ.’

ಆ ಹುಡುಗಿ (ಡಾಕ್ಟರಾದರೂ ನನ್ನ ವಿದ್ಯಾರ್ಥಿನಿಯರ ವಯಸ್ಸು) ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತುಬಿಟ್ಟಳು.

‘ಬಂದಿರೋದು ವೈರಸ್ಸಿನ ಕಾಯಿಲೆ ಅಜ್ಜಿ. ಯಾರಿಗೆ ಬೇಕಾದ್ರೂ ಬರ್ತದೆ. ಆದ್ರೆ ಹೊಗೆ ಕುಡಿದ ಎದೆ ಅದನ್ನ ತಡ್ಕೊಳ್ಳೋದು ಕಷ್ಟ. ಎಳೆಗೂಸಿನ ಉಸಿರಿನ ಕೊಳವೆ ಎಷ್ಟು ಸಣ್ಣ ಗೊತ್ತಾ? ನಮಗೆ ಘಮ ಘಮ ಅನ್ನೋದು ಅದಕ್ಕೆ ಉರಿ. ನಿಮ್ಮ ಎಣ್ಣೆ, ನೀರು, ಬಿಸಿಲು ಎಲ್ಲ ಇರ್ಲಿ. ಹೊಗೆ ಒಂದು ಬಿಡಿ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಆಯ್ತಾ?’

ಅವ್ವ ತಲೆಯಾಡಿಸಿದಳು.

‘ಇನ್ನೊಂದು ಮಾತು. ಪಕ್ಕೆ ಸೆಳೆತ ಕಂಡುಹಿಡಿದವರು ನೀವಂತೆ. ಎಷ್ಟೋ ಜನ ಎರಡು ದಿನ ಬಿಟ್ಟು ಕರ್ಕೊಂಡು ಬರ್ತಾರೆ. ನೀವು ಎರಡು ಗಂಟೇಲಿ ಬಂದ್ರಿ. ಈ ಕೂಸು ಉಳಿದದ್ದೂ ನಿಮ್ಮಿಂದಲೇ.’

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ‘ಕಾಫಿ ತರ್ಸು ಒಂದು’ ಎಂದಳು. ಅಷ್ಟು ಸಾಕಾಯಿತು ನನಗೆ.

ಕೂಸು ಮೂರನೆಯ ದಿನ ಹಾಲಿಗೆ ಅತ್ತಿತು. ಅಷ್ಟು ಜೋರಾಗಿ ಅತ್ತ ಮೇಲೆ ಯಾರಿಗೂ ಯಾವ ರಿಪೋರ್ಟೂ ಬೇಕಾಗಲಿಲ್ಲ. ಐದನೆಯ ದಿನ ಮನೆಗೆ ಕಳಿಸಿದರು. ಕೆ.ಆರ್. ನಗರದಿಂದ ಬಂದಿದ್ದ ಅಳಿಯ, ಯಾವ ಊರಿಗೆ ಹೋಗಬೇಕು ಎಂದು ಸಂಕೋಚದಿಂದ ಹೆಂಡತಿಯ ಮುಖ ನೋಡುತ್ತ ನಿಂತ. ಅಷ್ಟರಲ್ಲಿ ನಿಂಗರಾಜು ಬಂದ. ಇಷ್ಟು ದಿನ ಹೊತ್ತುಹೊತ್ತಿಗೆ ಊಟದ ಕ್ಯಾರಿಯರ್ ಮಾತ್ರ ಕಳಿಸಿದ್ದವನು.

‘ಒಂದ್ಸಲ ಬಂದು ನೋಡವ್ವ. ಆಮೇಕೆ ಎಲ್ಲಿಗ್ ಬೇಕಾದ್ರೂ ಓಗು’ ಎಂದ ಮಗಳಿಗೆ.

ಹೋಗಿ ನೋಡಿದೆವು. ಮುನಿಸಿಕೊಂಡು ಹೋಗಿದ್ದ ಎಂದುಕೊಂಡಿದ್ದೆವಲ್ಲ? ಮನುಷ್ಯ ಅವತ್ತು ಸೀದಾ ಮನೆಗೆ ಬಂದು ಒಳಮನೆಯ ಸೊಪ್ಪನ್ನೆಲ್ಲ ಹೊರಗೆ ಹೊತ್ತಿದ್ದ. ಈ ವರ್ಷದ ಬೇಯಿಸುವ ಕೆಲಸ ಮುಗಿದು ಬ್ಯಾರನ್ ಖಾಲಿ ಬಿದ್ದಿತ್ತು. ಅಲ್ಲಿ ಹಲಗೆ ಹಾಸಿ, ಸೊಪ್ಪು ಜೋಡಿಸಿ, ಟಾರ್ಪಲ್ ಹೊದಿಸಿ ಬೀಗ ಜಡಿದಿದ್ದ. ಒಳಮನೆಯ ಕಿಟಕಿಗೆ ನಮ್ಮಪ್ಪನ ಕಾಲದಲ್ಲಿ ಹೊಡೆದಿದ್ದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಸೊಳ್ಳೆ ಬರದಂತೆ ಬಲೆ ಬಡಿದಿದ್ದ. ಭಾಗ್ಯ ಗೋಡೆ ನೆಲ ತೊಳೆದು ತೊಳೆದು, ಸಿಮೆಂಟಿನ ನಿಜವಾದ ಬಣ್ಣ ನಮಗೆ ಮೊದಲ ಸಲ ಕಂಡಿತು. ಹಂಡೆ ಒಲೆ ಹಿತ್ತಲಿನ ಆಚೆ ಮೂಲೆಗೆ ಹೋಗಿತ್ತು. ಮಂಚದ ಮೇಲೆ ಹೊಸ ಸೊಳ್ಳೆಪರದೆ.

‘ಸುಣ್ಣನೂ ಒಡ್ದುಬುಡ್ತಿದ್ದೆ, ಟೈಮಾಗ್ಲಿಲ್ಲ’ ಎಂದ ನಿಂಗರಾಜು.

‘ಬೇಡಪ್ಪ, ಆ ಘಾಟೂ ಬೇಡ’ ಎಂದಳು ಪವಿತ್ರ. ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗಿನ ನುಗ್ಗೆಮರ ಕಾಣುತ್ತಿತ್ತು. ‘ಇಲ್ಲೇ ಇರ್ತೀನಿ ಬುಡಿ’ ಎಂದಳು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ಕಡೆ ಪ್ರೀತಿ ತೋರಿಸುವುದು ಹಾಗೇ.

ಈಗ ನಿಂಗರಾಜು ಸೊಪ್ಪಿನ ಕೆಲಸ ಮಾಡಿ ಬಂದರೆ ಸೋಪು ಹಾಕಿ ಕೈ ತಿಕ್ಕಿ, ಅಂಗಿ ಬದಲಿಸಿ, ಎರಡೂ ಕೈ ಮುಂದೆ ಚಾಚಿ ಮಗಳಿಗೆ ತೋರಿಸುತ್ತಾನೆ. ಸ್ಕೂಲಿನಲ್ಲಿ ಉಗುರು ಚೆಕ್ ಮಾಡಿಸುವ ಹಾಗೆ. ಪಾಸಾದರೆ ಮೊಮ್ಮಗಳು ಕೈಗೆ. ಫೇಲಾದರೆ ಮತ್ತೆ ಬಚ್ಚಲಿಗೆ.

ಡಾಕ್ಟರ್ ಡಿಸ್ಚಾರ್ಜ್ ಮಾಡುವಾಗ ಇನ್ನೊಂದು ಮಾತು ಹೇಳಿದ್ದರು. ‘ಇನ್ನು ಐದಾರು ತಿಂಗಳಿಗೆ ಅಂಬೆಗಾಲಿಡ್ತಾಳೆ. ಅದಕ್ಕೆ ಮೊದಲು ನೀವೊಂದ್ಸಲ ಅಂಬೆಗಾಲಿಟ್ಟು ಮನೆಯೆಲ್ಲ ನೋಡಿ.’ ಹಾಸ್ಯಕ್ಕೆ ಹೇಳಿದರೋ ಏನೋ. ನಾನು ಮೇಡಂ ಅಲ್ಲವೇ, ಹೋಂವರ್ಕ್ ಕೊಟ್ಟರೆ ಮಾಡಲೇಬೇಕು. ಮುಂದಿನ ಭಾನುವಾರ ಸೀರೆ ಎತ್ತಿಕಟ್ಟಿ, ಮಂಡಿಯೂರಿ, ಜಗಲಿಯ ಬಾಗಿಲಿಂದ ಶುರು ಮಾಡಿದೆ. ಪವಿತ್ರ ಹಿಂದೆ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ, ‘ಅತ್ತೆ, ವಸಿ ಜೋರಾಗಿ’ ಎಂದು ಕಾಮೆಂಟರಿ ಬೇರೆ. ಅವ್ವ ಆ ವಾರದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕಳು.

ನಿಮಗೂ ಹೇಳುತ್ತೇನೆ, ಆ ಎತ್ತರದಿಂದ ನೋಡಿದರೆ ಅದು ನೀವು ಹುಟ್ಟಿ ಬೆಳೆದ ಮನೆಯೇ ಅಲ್ಲ. ಮೇಜಿನ ಕೆಳಗೆ ಸಿಪ್ಪೆ ಸುಲಿದ ವೈರು, ಅದರಲ್ಲಿ ಕರೆಂಟು ಜೀವಂತ. ಟಿ.ವಿ. ಸ್ಟ್ಯಾಂಡಿನ ಹಿಂದೆ ಹಳೆಯ ಗೊಂಬೆಯಿಂದ ಕಳಚಿದ ಗುಂಡಿಯಂಥ ಬ್ಯಾಟರಿ, ಹುರಿಗಡಲೆಯಷ್ಟು ಮುದ್ದಾಗಿ ಹೊಳೆಯುತ್ತಿತ್ತು. ಅವ್ವನ ಅಡಕೆ ಚೀಲದಿಂದ ಬಿದ್ದ ಚೂರುಗಳು ದಾರಿಯುದ್ದಕ್ಕೂ. ಬಚ್ಚಲಲ್ಲಿ ಬಾಯಿ ತೆರೆದ ಬಕೆಟ್ಟು, ತುಂಬ ನೀರು. ನಿಂತವರ ಕಣ್ಣಿಗೆ ಇವು ಯಾವುವೂ ಬೀಳುವುದಿಲ್ಲ. ನೆಲದ ಮೇಲಿರುವವರಿಗೆ ಬೀಳುವುದೇ ಇವು.

ಅಡುಗೆಮನೆಗೆ ಬಂದೆ. ರಾಗಿ ಡ್ರಮ್ಮಿನ ಹಿಂದೆ, ಕೈ ಹಾಕಿದರೆ ಸಿಗುವ ಹಾಗೆ, ಒಂದು ಕೂಲ್‌ಡ್ರಿಂಕ್ ಬಾಟಲಿ ಇತ್ತು. ಕಾಲು ಭಾಗ ತುಂಬಿತ್ತು. ತಿಳಿ ಹಳದಿ ಬಣ್ಣ. ಮುಚ್ಚಳ ಸಡಿಲ. ಜ್ಯೂಸ್ ಎಂದೇ ಅಂದುಕೊಂಡು ಹೊರಗೆಳೆದೆ. ನಗುತ್ತಲೇ, ‘ಯಾರದೋ ಇದು ಗುಟ್ಟಿನ ಜ್ಯೂಸು?’ ಎಂದೆ.

ನಿಂಗರಾಜು ನಗಲಿಲ್ಲ. ಎರಡು ಹೆಜ್ಜೆಗೆ ಬಂದು, ಬಾಟಲಿಯನ್ನು ನನ್ನ ಕೈಯಿಂದ ಎರಡೂ ಕೈಯಲ್ಲಿ ಎತ್ತಿಕೊಂಡ.

‘ಮೂಸ್ಬೇಡ ಅಕ್ಕ’ ಎಂದ. ‘ಹೊಲದ ಔಷಧಿ. ಕುಡಿ ಮುರಿದ್ಮೇಲೆ ಮತ್ತೆ ಚಿಗುರ್ದಂಗೆ ಸೊಪ್ಪಿನ ಗಿಡಕ್ಕೆ ಬುಡೋದು. ಡಬ್ಬ ಒಡೆದಿತ್ತು ಅಂತ ಇದಕ್ಕೆ ಉಯ್ದಿದ್ದೆ. ಇಲ್ಲಿ ಮಡಗಿದ್ದು ಮರ್ತೇ ಓಗಿತ್ತು.’

ಪವಿತ್ರ ವಿಡಿಯೋ ನಿಲ್ಲಿಸಿದಳು. ಕೂಸು ತೊಟ್ಟಿಲಲ್ಲಿ ತನ್ನಷ್ಟಕ್ಕೆ ‘ಊಂ ಊಂ’ ಎನ್ನುತ್ತಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ವರಾಂಡದ ಜಗಳದಿಂದ ನಾವು ಅಷ್ಟಾದರೂ ಕಲಿತಿದ್ದೆವು. ನಿಂಗರಾಜು ಅದೇ ಹೊತ್ತಿನಲ್ಲಿ ಹೊಲದ ಔಷಧಿಯ ಡಬ್ಬ, ಬಾಟಲಿ, ಪೊಟ್ಟಣ ಎಲ್ಲ ಹುಡುಕಿ ಒಂದು ಕಬ್ಬಿಣದ ಪೆಟ್ಟಿಗೆಗೆ ತುಂಬಿ, ಬ್ಯಾರನ್ನಿನ ಪಕ್ಕದ ಶೆಡ್ಡಿನ ಅಟ್ಟಕ್ಕೆ ಏರಿಸಿ ಬೀಗ ಹಾಕಿದ. ಕೀಲಿ ಅವನ ಉಡುದಾರಕ್ಕೆ.

ಕೂಸಿಗೆ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇಡುತ್ತೇವೆ. ಕೈಗೆ ಕರಿಮಣಿ, ಸೊಂಟಕ್ಕೆ ಕಪ್ಪುದಾರ. ಇಡೋಣ, ನನ್ನದೇನೂ ತಕರಾರಿಲ್ಲ. ಆದರೆ ನಾವು ಹೆದರುವುದೆಲ್ಲ ಹೊರಗಿನಿಂದ ಬರುವವರ ಕಣ್ಣಿಗೆ. ಪಾಪ, ನಾಮಕರಣಕ್ಕೆ ಬಂದ ಆ ನೆಂಟರು ಒಂದು ಹೊತ್ತು ಊಟ ಮಾಡಿ ಹೋದವರು. ಡ್ರಮ್ಮಿನ ಹಿಂದೆ ಬಾಟಲಿ ಇಟ್ಟವರು ಯಾರು? ಬಾಗಿಲ ಸಂದಿಗೆ ಬಟ್ಟೆ ತುರುಕಿದವರು ಯಾರು? ಆ ಕೂಸಿಗಾಗಿ ಪ್ರಾಣ ಕೊಡುವಷ್ಟು ಪ್ರೀತಿ ಇರುವವರೇ ಅಲ್ಲವೇ?

ಬೈದು ಹೇಳಿದರೆ ಯಾರೂ ಬದಲಾಗುವುದಿಲ್ಲ ಎನ್ನುವುದೂ ನನಗೆ ಇದರಲ್ಲಿ ಗೊತ್ತಾಯಿತು. ಆ ಡಾಕ್ಟರ್ ಅವ್ವನನ್ನು ನಾಲ್ಕು ಜನರ ಮುಂದೆ ಗದರಿಸಿದ್ದರೆ ಏನಾಗುತ್ತಿತ್ತು? ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ, ಮನೆಗೆ ಬಂದು ಮಾರನೆಯ ದಿನವೇ ಕೆಂಡ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದ್ದಕ್ಕೆ ಕೇಳಿಸಿಕೊಂಡಳು. ಈಗ ಅವ್ವ ನೀರು ಹಾಕಿದ ಮೇಲೆ ಕೂಸಿನ ತಲೆಯನ್ನು ಹಳೆಯ ನೂಲಿನ ಸೀರೆಯ ತುಂಡಿನಿಂದ ಒತ್ತಿ ಒತ್ತಿ ಒರೆಸುತ್ತಾಳೆ. ಎಳೆ ಬಿಸಿಲಿಗೆ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಮಲಗಿಸಿಕೊಂಡು ಅದರ ಜೊತೆ ಊರಿನ ಸುದ್ದಿಯೆಲ್ಲ ಮಾತಾಡುತ್ತಾಳೆ. ಕೂಸು ಕಣ್ಣು ಪಿಳಿಪಿಳಿ ಬಿಟ್ಟು ಕೇಳುತ್ತದೆ. ಮೊದಲು ಹೊಗೆಯಲ್ಲಿ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಇರುತ್ತಿತ್ತು. ಅದನ್ನು ನಾವು ‘ಎಷ್ಟು ಸುಖವಾಗಿ ನಿದ್ದೆ ಮಾಡ್ತದೆ’ ಎನ್ನುತ್ತಿದ್ದೆವು.

ಗ್ಯಾಸಿನ ಮೇಲೆ ಮುದ್ದೆ ಕೂಡ ಆಗುತ್ತಿದೆ. ‘ರುಚಿ ಇಲ್ಲ’ ಎಂದು ಅವ್ವ ದಿನಾ ಹೇಳುತ್ತಾಳೆ. ದಿನಾ ಒಂದೂವರೆ ಮುದ್ದೆ ಉಣ್ಣುತ್ತಾಳೆ.

ಹೋದ ವಾರ ಎಚ್.ಡಿ. ಕೋಟೆ ಕಡೆಯ ನೆಂಟರೊಬ್ಬರ ಮನೆಯಿಂದ ಕರೆ ಬಂತು. ಅಲ್ಲೂ ಹೊಸ ಕೂಸು, ಮೊದಲ ನೀರು ಅವ್ವನೇ ಹಾಕಬೇಕಂತೆ. ಕರೆದುಕೊಂಡು ಹೋದೆ. ನೀರು ಹಾಕಿ ಮುಗಿಸುವ ಹೊತ್ತಿಗೆ ಆ ಮನೆಯ ಅಜ್ಜಿ ಸಂಭ್ರಮದಿಂದ ಕೆಂಡದ ಚಟ್ಟಿ ಹಿಡಿದು ಬಂದರು, ಜೊತೆಗೆ ಸಾಂಬ್ರಾಣಿ ಡಬ್ಬಿ. ನಾನು ಅವ್ವನ ಮುಖ ನೋಡಿದೆ.

‘ಅದ ಆಚ್ಗೆ ಮಡಗವ್ವ’ ಎಂದಳು ಅವ್ವ, ಕೂಸನ್ನು ಒರೆಸುತ್ತಲೇ.

‘ಅಯ್ಯೋ, ಒಗೆ ಬ್ಯಾಡ್ವಾ ದೇವೀರಕ್ಕ?’

‘ಬ್ಯಾಡ. ಕೂಸಿನ ಎದೆ ಊವಿನಂಗಿರ್ತದೆ, ಒಗೆಗೆ ಬಾಡೋಯ್ತದೆ. ಕಿಟ್ಕಿ ತಗೀರಿ ಎಲ್ಲಾವ. ಸೊಳ್ಳೆಬತ್ತಿ ಗಿತ್ತಿ ಅಚ್ಚೀರಿ ಮತ್ತೆ, ಪರದೆ ಕಟ್ಟಿ.’

‘ಯಾರೇಳಿದ್ರು ಇದ್ನೆಲ್ಲಾ? ಡಾಕ್ಟ್ರಾ?’

‘ಯಾರೇಳ್ಬೇಕು?’ ಎಂದಳು ಅವ್ವ. ‘ಇಷ್ಟ್ ಕೂಸ್ಗೆ ನೀರಾಕಿವ್ನಿ, ನಂಗೊತ್ತಿಲ್ವಾ?’

ಆ ಅಜ್ಜಿ ಮರುಮಾತಿಲ್ಲದೆ ಚಟ್ಟಿಯನ್ನು ಹಿತ್ತಲಿಗೆ ಒಯ್ದರು. ಸೊಸೆ ಕಿಟಕಿ ತೆಗೆದಳು.

ಡಾಕ್ಟರ ಹೆಸರಿಲ್ಲ. ಕಾಫಿ ಕುಡಿದು ಹೋದ ಆಶಾ ಕಾರ್ಯಕರ್ತೆಯ ಹೆಸರಿಲ್ಲ. ವಾರ ವಾರ ಪತ್ರಿಕೆಯಲ್ಲಿ ಬರೆಯುವ ಮಗಳ ಹೆಸರಂತೂ ಇಲ್ಲವೇ ಇಲ್ಲ. ಎಲ್ಲ ಅವ್ವನದೇ ಬುದ್ಧಿ! ಒಂದು ಕ್ಷಣ ಬಾಯಿ ತೆರೆಯೋಣ ಅನ್ನಿಸಿತು. ಒಳಗೆ ಬಂದ ಗಾಳಿಗೆ ಆ ಕೂಸು ಒಂದು ದೊಡ್ಡ ಆಕಳಿಕೆ ತೆಗೆಯಿತು, ಸುಮ್ಮನಾದೆ.

ಯಾರ ಮಾತು ಗೆದ್ದಿತು ಎಂದು ಕೂಸಿನ ಉಸಿರು ಕೇಳುತ್ತದೆಯೇ?